ಕೋಚ್ ಪ್ರೆಂಟಿಸ್ ಅಂಗಳದಲ್ಲಿ ನೆಟ್ಟ ಫಲಕ

ಮಾನ್ಯರೇ,

ಪ್ಲಮ್ ಫೋರ್ಕ್ ಸ್ಟೇಟ್ ಕಾಲೇಜಿನ ಕ್ರೀಡಾ ನಿರ್ದೇಶಕರೂ, ಮುಳ್ಳುಹಂದಿ ಲಾಂಛನದ ನಮ್ಮ ಫುಟ್‌ಬಾಲ್ ತಂಡದ ಭಾಗ್ಯವಿಧಾತರೂ, ಹದಿನೈದು ವರ್ಷಗಳಿಂದ ನನ್ನ ಕತ್ತರಿಗೆ ತಲೆಯೊಡ್ಡಿ ಎಡಕ್ಕೆ ಬೈತಲೆ ತೆಗೆಸಿಕೊಳ್ಳುತ್ತಿರುವವರೂ ಆದ ಡಾಕ್ಟರ್ ಥರ್ಲೋ ಬಿಂಗಮ್ ಅವರಿಗೆ, ಮುಖ್ಯ ಬೀದಿಯ ಕ್ಷೌರಿಕ ವೆಂಡೆಲ್ ಕ್ರಾಬಿಲ್ ಬಾಗಿ ಮಾಡುವ ವಂದನೆಗಳು. ತಾವೂ ತಮ್ಮ ಕುಟುಂಬವೂ ತಮ್ಮ ಮನೆ ಮುಂದಿನ ಅಂದವಾದ ಹುಲ್ಲುಹಾಸೂ ಕ್ಷೇಮವೆಂದು ನಂಬಿದ್ದೇನೆ.

ಬರುವ ಗುರುವಾರ ತಾವೂ ಆಡಳಿತ ಮಂಡಳಿಯ ಹಿರಿಯರೂ ಕೂತು, ಈ ಸಲ ಹನ್ನೊಂದು ಪಂದ್ಯಗಳಲ್ಲಿ ಎರಡನ್ನು ಗೆದ್ದು ಒಂಬತ್ತನ್ನು ಸೋತಿರುವ ಕೋಚ್ ಹಾಲಿಸ್ ಪ್ರೆಂಟಿಸ್ ಅವರನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಎಂದು ತೀರ್ಮಾನಿಸುತ್ತೀರೆಂದು ಪತ್ರಿಕೆಯಲ್ಲಿ ಓದಿದೆ. ಇಂಥ ಗಹನವಾದ ವಿಷಯದಲ್ಲಿ ತಾವು ನನ್ನ ಅಭಿಪ್ರಾಯವನ್ನು ಕೇಳಿಲ್ಲ ಎಂಬುದು ಕೇವಲ ಕೆಲಸದ ಒತ್ತಡದಿಂದಾದ ಮರೆವೆಂದು ಭಾವಿಸಿ, ಆ ಕೊರತೆಯನ್ನು ನಾನೇ ತುಂಬಿಕೊಡುತ್ತಿದ್ದೇನೆ.

ನನ್ನ ಅರ್ಹತೆಯ ಬಗ್ಗೆ ಎರಡು ಮಾತು. ಹನ್ನೆರಡನೆಯ ಗ್ಯಾಲರಿ, ಒಂಬತ್ತನೆಯ ಸಾಲು, ನಾಲ್ಕನೆಯ ಆಸನದಲ್ಲಿ ಮೂವತ್ತನಾಲ್ಕು ವರ್ಷಗಳಿಂದ ಕೂತಿದ್ದೇನೆ. ಆಡಿದ್ದು ಒಂದೇ ದಿನ, ಶಾಲೆಯಲ್ಲಿ. ಆ ಮೊಟ್ಟೆಯಾಕಾರದ ಚೆಂಡು ಸೀದಾ ಬಂದು ಮೂಗಿಗೆ ಬಡಿದು, ಆಟಕ್ಕೂ ನನಗೂ ಇದ್ದ ನೇರ ಸಂಬಂಧ ಅಲ್ಲಿಗೆ ಮುಗಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನಾದರೋ ಕುಣಿಯುವ ಗೋಜಿಗೇ ಹೋಗದೆ, ಕುಣಿಯುವವರ ನೆಲವೆಲ್ಲ ಡೊಂಕೆಂದು ಮೂರು ದಶಕ ಕೂಗಿದವನು. ಈ ಕೂಗಿನ ಬಲದಿಂದ ಐವರು ಕೋಚ್‌ಗಳನ್ನು ಊರು ಬಿಡಿಸಿದ ಕೀರ್ತಿಯಲ್ಲಿ ನನಗೂ ಪಾಲಿದೆ. ಅವರಲ್ಲಿ ಮೂರನೆಯವರು ಪಕ್ಕದ ಟಸ್ಕರ್‌ಟನ್ ಕಾಲೇಜಿಗೆ ಹೋಗಿ, ಅಲ್ಲಿಂದ ಪ್ರತಿ ನವೆಂಬರಿನಲ್ಲೂ ತಪ್ಪದೆ ಬಂದು ನಮ್ಮನ್ನು ಸೋಲಿಸಿ ಹೋಗುತ್ತಿದ್ದಾರೆ. ಅವರನ್ನು ಓಡಿಸುವಾಗ ಅತಿ ಹೆಚ್ಚು ಸಹಿ ಸಂಗ್ರಹಿಸಿದವನೂ ನಾನೇ.

ಕೋಚ್ ಪ್ರೆಂಟಿಸ್ ಅವರ ಅಪರಾಧಗಳು ಊರಿಗೆಲ್ಲ ಗೊತ್ತಿರುವಂಥವು. ಅವರು ಆಟಗಾರರ ಮೇಲೆ ಕಿರುಚುವುದಿಲ್ಲ. ಸೋತಾಗ ತಲೆಗವಸನ್ನು ನೆಲಕ್ಕೆ ಅಪ್ಪಳಿಸುವುದಿಲ್ಲ. ನಾಲ್ಕನೆಯ ಪಂದ್ಯದಲ್ಲಿ, ನಮ್ಮಲ್ಲಿ ನೆಟ್ಟಗೆ ಓಡಬಲ್ಲ ಒಬ್ಬನೇ ಒಬ್ಬ ಹುಡುಗನನ್ನು, ಅವನು ಪರೀಕ್ಷೆಯಲ್ಲಿ ನಕಲು ಮಾಡಿದ್ದನೆಂಬ ಕ್ಷುಲ್ಲಕ ಕಾರಣಕ್ಕೆ ಹೊರಗೆ ಕೂರಿಸಿದರು; ಕಾಲೇಜಿನಲ್ಲಿ ಓದು ನಡೆಯುತ್ತದೆ ಎಂಬ ತಪ್ಪು ಕಲ್ಪನೆಯನ್ನು ಐದು ವರ್ಷ ತಲೆಯಲ್ಲಿಟ್ಟುಕೊಂಡ ಮನುಷ್ಯ ಅವರೊಬ್ಬರೇ ಇರಬೇಕು. ನನ್ನ ಅಂಗಡಿಯಲ್ಲಿ ಈ ಬಗ್ಗೆ ದಿನವಿಡೀ ನ್ಯಾಯಪಂಚಾಯಿತಿ ನಡೆಯುತ್ತಿತ್ತು. ನಿವೃತ್ತ ಅಂಚೆಯವನಾದ ನನ್ನ ಗೆಳೆಯ ಎಲ್ಡನ್, ಕೂದಲೇ ಇಲ್ಲದಿದ್ದರೂ ದಿನಾ ಬೆಳಗ್ಗೆ ಬಂದು ಕುರ್ಚಿ ಹಿಡಿದು, "ಆ ಕೋಚ್ ನೋಡೋ, ಹೆಣದ ಮನೆಗೆ ಬಂದವನ ಹಾಗೆ ನಿಂತಿರ್ತಾನೆ! ಒಂದು ಸಲ ಆದ್ರೂ ಬಾಯಿಬಿಟ್ಟು ಬೈಯಬಾರ್ದಾ?" ಎಂದು ಆರಂಭಿಸಿದರೆ, ನಾನು ಕತ್ತರಿಯನ್ನು ಗಾಳಿಯಲ್ಲಾಡಿಸುತ್ತ ಮುಗಿಸುತ್ತಿದ್ದೆ. ಆದರೆ ಎರಡು ವಾರಕ್ಕೊಮ್ಮೆ ಮಂಗಳವಾರ ಹತ್ತು ಗಂಟೆಗೆ ಕೋಚ್ ಸ್ವತಃ ಬಂದು ಕೂತರೆ, ಎಲ್ಲರೂ ಹಳೆಯ ಪತ್ರಿಕೆಗಳನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ನಾನು ಅವರ ಕೊರಳಿಗೆ ಬಟ್ಟೆ ಕಟ್ಟುತ್ತ, "ಏನೂ ಯೋಚ್ನೆ ಮಾಡ್ಬೇಡಿ ಕೋಚ್, ಮುಂದಿನ ವಾರ ನಮ್ದೇ" ಎನ್ನುತ್ತಿದ್ದೆ. ನನ್ನ ನಾಲಿಗೆಗೆ ಎಲುಬಿಲ್ಲ ಎಂಬುದನ್ನು ಹೆಂಡತಿ ಲವೊನ್ ಮದುವೆಯಾದ ವರ್ಷವೇ ಕಂಡುಹಿಡಿದಿದ್ದಾಳೆ.

ಇಷ್ಟಾದರೂ ಈ ಊರಿನಲ್ಲಿ ಒಂದು ಅಲಿಖಿತ ಕಾನೂನಿದೆ, ತಮಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಕೋಚ್ ಆದವನು ಎಷ್ಟು ಪಂದ್ಯ ಸೋತರೂ ಸರಿಯೇ, ಟಸ್ಕರ್‌ಟನ್ ಒಂದನ್ನು ಸೋಲಿಸಿದರೆ ಅವನಿಗೆ ಇನ್ನೊಂದು ವರ್ಷ ಗ್ಯಾರಂಟಿ. ಹತ್ತೊಂಬತ್ತು ವರ್ಷಗಳಿಂದ ಯಾರಿಗೂ ಅದು ಆಗಿರಲಿಲ್ಲ. ಕಳೆದ ಶನಿವಾರ, ವರ್ಷದ ಕೊನೆಯ ಪಂದ್ಯದಲ್ಲಿ, ನಮ್ಮದೇ ಮೈದಾನದಲ್ಲಿ, ಎರಡೇ ಸೆಕೆಂಡು ಬಾಕಿಯಿರುವಾಗ ಮುಳ್ಳುಹಂದಿಗಳು ಹದಿಮೂರು, ಟಸ್ಕರ್‌ಟನ್ ಹನ್ನೆರಡು. ಚೆಂಡು ಅವರ ಕೈಯಲ್ಲೇ ಇದ್ದರೂ ಕಂಬಗಳಿಂದ ಬಹಳ ದೂರವಿತ್ತು. ಅಲ್ಲಿಂದ ಒದ್ದು ಎರಡು ಕಂಬಗಳ ನಡುವೆ ಹಾಯಿಸಿ ಮೂರು ಅಂಕ ಗಳಿಸುವ ಕಾಲು ಈ ಜಿಲ್ಲೆಯಲ್ಲೇ ಹುಟ್ಟಿಲ್ಲ. ಕೋಚ್ ಪ್ರೆಂಟಿಸ್ ಎಂದಿನಂತೆ ಹೆಣದ ಮನೆಗೆ ಬಂದವರ ಹಾಗೆ ನಿಂತಿದ್ದರು. ಅವರ ಹೆಂಡತಿ ಗ್ವೆನ್ ಮಾತ್ರ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ಐದು ವರ್ಷದಲ್ಲಿ ಮೊದಲ ಬಾರಿ ಸಂತೋಷಕ್ಕೆ.

ಆಗ ಒಂದು ಸೀಟಿ ಕೇಳಿಸಿತು. ಅದು ಟಸ್ಕರ್‌ಟನ್‌ನವರು ವಿರಾಮ ಕೇಳಿದ್ದಕ್ಕೆ ತೀರ್ಪುಗಾರರು ಊದಿದ ಸೀಟಿ ಎಂಬುದು ಮೈದಾನದಲ್ಲಿದ್ದ ಆರು ಸಾವಿರ ಜನರಿಗೂ ತಿಳಿದಿತ್ತು, ಅದು ಪಂದ್ಯ ಮುಗಿದ ಸೀಟಿ ಎಂದುಕೊಂಡ ಒಬ್ಬನನ್ನು ಬಿಟ್ಟು. ಆ ಒಬ್ಬನಿಗೆ ಅರವತ್ತೊಂದು ವರ್ಷ, ಎಡಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿದೆ, ತಲೆಯ ಮೇಲೆ ಮುಳ್ಳುಮುಳ್ಳಾದ ಕಂದು ಟೋಪಿ. ಗೆದ್ದ ದಿನ ಕಂಬ ಕಿತ್ತು ಹೊತ್ತೊಯ್ದು ಹೊಳೆಗೆ ಹಾಕುವ ನಮ್ಮೂರಿನ ಹಬ್ಬಕ್ಕಾಗಿ ಅವನು ಹತ್ತೊಂಬತ್ತು ವರ್ಷ ಕಾದಿದ್ದ. ಗ್ಯಾಲರಿಯ ಮುಂದೆ ಕಟ್ಟಿದ ಸರಪಳಿ ದಾಟಿ, "ಹೋ!" ಎಂದು ಕೂಗುತ್ತ ಅವನು ಮೈದಾನಕ್ಕೆ ನುಗ್ಗಿದ. ಮುಂದೆ ಓಡುವವನಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದುಕೊಂಡು ಗೊತ್ತಿದ್ದ ನಾನೂರು ಜನ ಹಿಂದೆಯೇ ನುಗ್ಗಿದರು. ಕಂಬವನ್ನು ಮೊದಲು ಮುಟ್ಟಿದವನೂ, ಹಾರಿ ಜೋತುಬಿದ್ದವನೂ, ತೊಂಬತ್ತಾರು ಕಿಲೋ ತೂಕದಿಂದ ಅದನ್ನು ಹೊರಕ್ಕೆ ಒಂದು ಗೇಣು ವಾಲಿಸಿದವನೂ ಆ ಮಹಾಶಯನೇ.

ಮಾನ್ಯರೇ, ಇಷ್ಟು ಹೊತ್ತಿಗೆ ತಮ್ಮಂಥ ಬುದ್ಧಿವಂತರಿಗೆ ಅವನ ಹೆಸರು ಹೊಳೆದಿರಬಹುದು.

ಧ್ವನಿವರ್ಧಕದಲ್ಲಿ ಹಿಂದೆ ಹೋಗಿ ಎಂದರು. ನಾನು ಕಂಬದಿಂದಿಳಿದು, "ಯಾರಪ್ಪ ಈ ಹುಚ್ಚರು, ಓಡಿ ಬಂದವರು!" ಎನ್ನುವ ಮುಖ ಹೊತ್ತು ಆಸನಕ್ಕೆ ಮರಳಿದೆ. ಪ್ರೇಕ್ಷಕರ ಅಶಿಸ್ತಿಗಾಗಿ ನಮ್ಮ ತಂಡಕ್ಕೆ ಹದಿನೈದು ಗಜಗಳ ದಂಡ ಬಿತ್ತು. ಅಂದರೆ ಟಸ್ಕರ್‌ಟನ್‌ನವರನ್ನು ನಾನೇ ಕೈಹಿಡಿದು ಹದಿನೈದು ಗಜ ಮುಂದಕ್ಕೆ ಕರೆತಂದ ಹಾಗಾಯಿತು. ಅವರ ಹುಡುಗ ಒದ್ದ. ಚೆಂಡು ಎಡಗಂಬಕ್ಕೆ ಟಣ್ಣೆಂದು ಬಡಿದು ಒಳಕ್ಕೆ ಬಿತ್ತು. ಆ ಕಂಬ ತನ್ನ ಜಾಗದಲ್ಲಿ ನೆಟ್ಟಗೆ ನಿಂತಿದ್ದರೆ ಚೆಂಡು ಹೊರಗೆ ಸಿಡಿಯುತ್ತಿತ್ತೆಂದು ಎಂಜಿನಿಯರಿಂಗ್ ಓದಿದ ನನ್ನ ಗಿರಾಕಿಯೊಬ್ಬರು ಸೀಸದಕಡ್ಡಿಯಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಹದಿನೈದು, ಹದಿಮೂರು. ಗ್ಯಾಲರಿಯಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ, "ಕೋಚ್‌ನ ಕಿತ್ತುಹಾಕಿ!" ಎಂದು ಅರಚಿದವನು ಯಾರೆಂದು ಹೇಳಲು ನನಗೇ ನಾಚಿಕೆಯಾಗುತ್ತದೆ.

ಆ ಸಂಜೆ ಟೀವಿಯವರು ಕೋಚ್ ಪ್ರೆಂಟಿಸ್ ಮುಖಕ್ಕೆ ಮೈಕ್ ಹಿಡಿದು, ಮೊದಲು ಓಡಿದವನು ಯಾರೆಂದು ನೋಡಿದಿರಾ ಎಂದು ಕೇಳಿದರು. "ತಪ್ಪು ನಂದು" ಎಂದರು ಅವರು. "ಇನ್ನೂ ಎರಡು ಸೆಕೆಂಡು ಇದೆ ಅಂತ ಎಲ್ರಿಗೂ ತಿಳಿಸೋ ಹಾಗೆ ನಾನು ನೋಡ್ಕೋಬೇಕಿತ್ತು. ನೋಡ್ಕೊಳ್ಲಿಲ್ಲ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ನಾನು ತಲೆ ಮುಟ್ಟಿ ನೋಡಿಕೊಂಡೆ, ಟೋಪಿ ಇರಲಿಲ್ಲ.

ಇಷ್ಟಕ್ಕಾದರೂ ನಾನು ತೆಪ್ಪಗೆ ಮನೆಯಲ್ಲಿ ಕೂರಬಹುದಿತ್ತು. ಆದರೆ ಸಂಪ್ರದಾಯ ಬಿಡಬಾರದಲ್ಲ. ಕೋಚ್‌ಗೆ ಬೀಳ್ಕೊಡುಗೆಯ ಸೂಚನೆಯಾಗಿ ಕೊನೆಯ ಸೋಲಿನ ಮರುದಿನ ಅವರ ಅಂಗಳದಲ್ಲಿ 'ಮನೆ ಮಾರಾಟಕ್ಕಿದೆ' ಎಂಬ ಫಲಕ ನೆಡುವ ನಮ್ಮೂರ ಪದ್ಧತಿಯಲ್ಲಿ, ಐದೂ ಸಲ ಫಲಕ ಒದಗಿಸಿದವನು ನಾನು. ಲವೊನ್ ಮನೆಗಳನ್ನು ಕೊಡಿಸಿ ಮಾರಿಸುವ ವೃತ್ತಿಯವಳಾದ್ದರಿಂದ ನಮ್ಮ ಗ್ಯಾರೇಜಿನಲ್ಲಿ ಫಲಕಗಳಿಗೆ ಬರವಿಲ್ಲ. ಭಾನುವಾರ ಬೆಳಗ್ಗೆ ಅವಳು ಚರ್ಚಿಗೆ ಹೊರಟಿದ್ದೇ ತಡ, ಒಂದು ಫಲಕವನ್ನೂ ಸುತ್ತಿಗೆಯನ್ನೂ ಹೊತ್ತು ಹೋಗಿ ಕೋಚ್ ಮನೆಯ ಹುಲ್ಲಿನ ಮೇಲೆ ನಿಂತೆ. ನೆಲ ಹಿಮಗಟ್ಟಿ ಕಲ್ಲಾಗಿತ್ತು. ಹೊಡೆದೆ, ಹೊಡೆದೆ, ಕಂಬ ಒಂದು ಅಂಗುಲ ಇಳಿಯಲಿಲ್ಲ. ಬಾಗಿಲು ತೆರೆಯಿತು. ಕೋಚ್, ಮನೆಯಂಗಿಯಲ್ಲಿ, ಕಾಫಿ ಲೋಟ ಹಿಡಿದು.

"ವೆಂಡೆಲ್, ಅಲ್ಲಿ ಆಗಲ್ಲ, ಪೂರ್ತಿ ಗಟ್ಟಿ" ಎಂದರು. "ಈ ಕಡೆ ಬನ್ನಿ, ಮಾಡಿನ ನೀರು ಬೀಳೋ ಜಾಗ ಮೆತ್ತಗಿದೆ."

ಲೋಟವನ್ನು ಮೆಟ್ಟಿಲ ಮೇಲಿಟ್ಟು ಬಂದು ಕಂಬವನ್ನು ನೆಟ್ಟಗೆ ಹಿಡಿದುಕೊಂಡರು. ನಾನು ಹೊಡೆದೆ. ಏನು ಮಾಡಲಿ, ಸುತ್ತಿಗೆ ನನ್ನ ಕೈಯಲ್ಲಿತ್ತು, ಬುದ್ಧಿ ಎಲ್ಲಿತ್ತೋ ಗೊತ್ತಿಲ್ಲ. ಅಷ್ಟರಲ್ಲಿ ಗ್ವೆನ್ ಹೊರಗೆ ಬಂದು, ನನ್ನ ಮುಳ್ಳುಹಂದಿ ಟೋಪಿಯನ್ನು ಕೈಗಿತ್ತರು. ಒಳಗಡೆ ಲವೊನ್ ದಪ್ಪ ಅಕ್ಷರದಲ್ಲಿ ಬರೆದ ನನ್ನ ಹೆಸರು. "ಕಂಬದ ಹತ್ರ ಬಿದ್ದಿತ್ತಂತೆ, ಇವ್ರು ನಿನ್ನೆನೇ ಎತ್ತಿ ಕೋಟಿನ ಜೇಬಲ್ಲಿಟ್ಕೊಂಡಿದ್ರು" ಎಂದರು. "ಚಳಿ ಇದೆ, ಹಾಕ್ಕೊಳ್ಳಿ."

ಹಾಕಿಕೊಂಡೆ. ಅಂದರೆ ಟೀವಿಯವರು ಕೇಳಿದಾಗ ನನ್ನ ಹೆಸರು ಅವರ ಕೋಟಿನ ಜೇಬಿನಲ್ಲಿತ್ತು. ಹೊರಗೆ ತೆಗೆದು ತೋರಿಸಿದ್ದರೆ ಊರೆಲ್ಲ ನನ್ನ ಮೇಲೆ ತಿರುಗುತ್ತಿತ್ತು, ಅವರ ಕೆಲಸವೂ ಉಳಿಯುತ್ತಿತ್ತು. ಮನೆಗೆ ಬಂದು ಗ್ಯಾರೇಜಿನಲ್ಲಿ ಒಬ್ಬನೇ ಕೂತು ಅತ್ತೆ ಎಂದು ಬರೆಯಲು ಸಂಕೋಚ, ಆದರೆ ಅತ್ತದ್ದು ನಿಜ.

ನನ್ನ ಸಾಧನೆ ಅಲ್ಲಿಗೇ ನಿಲ್ಲಲಿಲ್ಲ. ಅದು ಲವೊನ್‌ಳ ನಿಜವಾದ ಫಲಕ, ಅದರ ಮೇಲೆ ಅವಳ ನಿಜವಾದ ಫೋನ್ ನಂಬರು. ಮಧ್ಯಾಹ್ನವೇ ಒಮಾಹಾದಿಂದ ಬಂದಿದ್ದ ದಂಪತಿಗಳು ಕರೆ ಮಾಡಿ ಮನೆ ತುಂಬ ಹಿಡಿಸಿತೆಂದರು. ವಿಷಯ ತಿಳಿಯದ ಲವೊನ್, ಗ್ವೆನ್‌ಗೆ ಫೋನ್ ಮಾಡಿದರೆ, ಅವರು "ಗುರುವಾರದವರೆಗೆ ಕಾಯೋಕೆ ಹೇಳಿ" ಎಂದರಂತೆ. ಲವೊನ್ ನನ್ನೆದುರು ಬಂದು ನಿಂತು, "ವೆಂಡೆಲ್, ಒಬ್ಬರ ಕೆಲಸ ಕಳೆದದ್ದು ಸಾಲ್ದು ಅಂತ ಮನೇನೂ ಮಾರಿಸ್ತಿದೀಯಾ? ನಿನ್ನಂಥ ಅಭಿಮಾನಿ ಇದ್ರೆ ಟಸ್ಕರ್‌ಟನ್‌ನವರು ಬೇರೆ ಯಾಕೆ ಬೇಕು?" ಎಂದಳು. ಆ ರಾತ್ರಿ ನನಗೆ ಊಟ ನಾನೇ ಬಡಿಸಿಕೊಂಡೆ.

ಈ ದಿನ ಮಂಗಳವಾರ. ಹತ್ತು ಗಂಟೆಗೆ ಕೋಚ್ ಎಂದಿನಂತೆ ಬಂದು ಕುರ್ಚಿಯಲ್ಲಿ ಕೂತರು. ಪತ್ರಿಕೆಗಳು ಎಂದಿನಂತೆ ಮುಖಗಳಿಗೆ ಅಡ್ಡ ಬಂದವು. ಬಟ್ಟೆ ಕಟ್ಟಿದ ಮೇಲೆ ನಾನು ಕತ್ತರಿ ಕೆಳಗಿಟ್ಟು, ಎಲ್ಡನ್ ಸೇರಿದಂತೆ ಎಂಟು ಜನರೆದುರು, ಮೊದಲು ಓಡಿದವನು ನಾನೆಂದೂ ಕಂಬ ವಾಲಿಸಿದವನು ನಾನೆಂದೂ ಹೇಳಿಬಿಟ್ಟೆ. ಎಲ್ಡನ್ ಪತ್ರಿಕೆ ಎಸೆದು ಎದ್ದು ನಿಂತ. "ಅಯ್ಯೋ ಪಾಪಿ! ನೀನು ಓಡಿದ್ದು ನೋಡಿ ತಾನೇ ನಾನು ಓಡಿದ್ದು! ನಿಂಗೆ ಗಡಿಯಾರದ ಲೆಕ್ಕ ಗೊತ್ತಿರುತ್ತೆ ಅಂದ್ಕೊಂಡೆ!" ಎಂದ. ಕೋಚ್ ಕನ್ನಡಿಯಲ್ಲಿ ನನ್ನನ್ನೇ ನೋಡಿ, "ಕಿವಿ ಮೇಲೆ ಸ್ವಲ್ಪ ಕಡಿಮೆ ಮಾಡಿ, ವೆಂಡೆಲ್. ಗುರುವಾರ ಸಭೆ ಇದೆ" ಎಂದರು. ಕನ್ನಡಿಯಲ್ಲಿ ಅವರ ಕಣ್ಣು ತಪ್ಪಿಸಲು ನಾನು ಗೋಡೆ ನೋಡುತ್ತ ಕತ್ತರಿಸಿದ್ದರಿಂದ ಬಲಗಿವಿಯ ಮೇಲೆ ಒಂದಿಷ್ಟು ಹೆಚ್ಚೇ ಹೋಗಿದೆ. ಸಭೆಯಲ್ಲಿ ಅದು ತಮ್ಮ ಕಣ್ಣಿಗೆ ಬಿದ್ದರೆ, ಆ ತಪ್ಪೂ ಅವರದಲ್ಲವೆಂದು ದಯವಿಟ್ಟು ದಾಖಲಿಸಿಕೊಳ್ಳಬೇಕು.

ಆದಕಾರಣ ತಮ್ಮಲ್ಲಿ ನನ್ನ ಸವಿನಯ ಬೇಡಿಕೆ ಇಷ್ಟೇ. ಈ ವರ್ಷದ ನಿರಾಶೆಗೆ ಯಾರನ್ನಾದರೂ ವಜಾ ಮಾಡಲೇಬೇಕಾದರೆ, ಮೂವತ್ತನಾಲ್ಕು ವರ್ಷಗಳಲ್ಲಿ ತಂಡಕ್ಕೆ ಒಂದು ಅಂಕವನ್ನೂ ಗಳಿಸಿಕೊಡದೆ, ಐವರು ಕೋಚ್‌ಗಳನ್ನು ನುಂಗಿ, ಕೊನೆಗೆ ಎದುರಾಳಿಗೆ ಹದಿನೈದು ಗಜಗಳನ್ನೂ ಒಂದು ಗೇಣು ಕಂಬವನ್ನೂ ದಾನ ಮಾಡಿದ ಹನ್ನೆರಡನೆಯ ಗ್ಯಾಲರಿಯ ಈ ಅಭಿಮಾನಿಯನ್ನು ಅಭಿಮಾನದ ಹುದ್ದೆಯಿಂದ ತಕ್ಷಣ ಕಿತ್ತುಹಾಕಬೇಕು. ನನ್ನ ಆಸನವನ್ನು ಗಡಿಯಾರ ನೋಡಲು ಬರುವ ಯಾರಿಗಾದರೂ ಕೊಡಬೇಕು. ಹಾಗಾಗದಿದ್ದರೆ, ಪ್ರೇಕ್ಷಕರಿಗೂ ಒಬ್ಬ ಕೋಚ್‌ನನ್ನು ನೇಮಿಸಿ, ವಾರಕ್ಕೆ ಮೂರು ದಿನ ಸುಮ್ಮನೆ ಕೂರುವ ತಾಲೀಮು ಕೊಡಿಸಬೇಕು. ಆ ಕೆಲಸಕ್ಕೂ ಪ್ರೆಂಟಿಸ್ ಅವರಿಗಿಂತ ಯೋಗ್ಯರು ಸಿಗಲಾರರು. ಲವೊನ್‌ಳ ಅಪ್ಪಣೆಯಂತೆ ಕೋಚ್ ಅಂಗಳದ ಫಲಕವನ್ನು ಇವತ್ತು ಮಧ್ಯಾಹ್ನ ಕಿತ್ತು ತಂದು ನಮ್ಮ ಅಂಗಳದಲ್ಲಿ ನೆಟ್ಟಿದ್ದೇನೆ. ಒಮಾಹಾದ ದಂಪತಿಗಳು ನಮ್ಮ ಮನೆಯನ್ನೂ ನೋಡಿದರು. ಹಿಡಿಸಲಿಲ್ಲವಂತೆ.

ಕೋಚ್ ಪ್ರೆಂಟಿಸ್ ಅವರನ್ನು ಉಳಿಸಿಕೊಳ್ಳಿ. ಇದು ಅಣಕವಲ್ಲ, ಕೇಳಿಕೊಳ್ಳುತ್ತಿದ್ದೇನೆ.

ತಮ್ಮ ವಿಶ್ವಾಸಿ, ಆದರೆ ಯಾರ ವಿಶ್ವಾಸಕ್ಕೂ ಅರ್ಹನಲ್ಲದ,
ವೆಂಡೆಲ್ ಕ್ರಾಬಿಲ್
ಗ್ಯಾಲರಿ ೧೨, ಸಾಲು ೯, ಆಸನ ೪ (ಸದ್ಯಕ್ಕೆ)

ಮರೆತಿದ್ದು: ನಿನ್ನೆ ತಮ್ಮ ಮನೆಯ ಮುಂದೆ ಹಾದುಹೋಗುವಾಗ ತಮ್ಮ ಹುಲ್ಲುಹಾಸನ್ನು ಕಾಲಿನಿಂದ ಒತ್ತಿ ನೋಡಿದೆ. ದಕ್ಷಿಣಕ್ಕೆ ಮುಖವಾದ್ದರಿಂದ ಬಿಸಿಲು ಚೆನ್ನಾಗಿ ಬೀಳುತ್ತದೆ, ಮಣ್ಣು ಬೆಣ್ಣೆಯ ಹಾಗಿದೆ. ನಮ್ಮ ಗ್ಯಾರೇಜಿನಲ್ಲಿ ಇನ್ನೂ ಹನ್ನೊಂದು ಫಲಕಗಳಿವೆ, ಮತ್ತು ಶುಕ್ರವಾರ ನನಗೆ ರಜೆ. ಕಂಬ ಹಿಡಿದುಕೊಳ್ಳಲು ತಾವು ಹೊರಗೆ ಬರಬೇಕಾದ ಅಗತ್ಯವಿಲ್ಲ, ಎಲ್ಡನ್ ಬರುತ್ತಾನೆ.