ಗೇಣಿನ ಕಾಯ್ದೆ

ಮನುಷ್ಯ ಸುಧಾರಿಸಬಾರದು ಎಂದು ನಾನು ಹೇಳುವವನಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ಹೊಟ್ಟೆ ಹೊರೆಯುವವನು ಹಾಗೆ ಹೇಳಲೂಬಾರದು. ಆದರೆ ನೆಟ್ಟಗೆ ನಡೆದಿರುವುದನ್ನು ಸುಧಾರಿಸಲು ಹೊರಟವರನ್ನು ಕಂಡರೆ ನನಗೆ ಹೆದರಿಕೆಯಾಗುತ್ತದೆ. ಹಿಂದೊಮ್ಮೆ ಹೊಗೆ ಕಡಿಮೆಯಾಗಲೆಂದು ನಮ್ಮ ಮನೆಯ ಒಲೆಯನ್ನು ನಾನೇ ಸುಧಾರಿಸಿದೆ. ಆ ವಾರವೆಲ್ಲ ನಾವು ಅವಲಕ್ಕಿ ತಿಂದೆವು. ಅದು ಹೋಗಲಿ, ಒಲೆಯನ್ನು ಮತ್ತೆ ಹೂಡಬಹುದು. ನಮ್ಮ ಯುದ್ಧವನ್ನು ಸುಧಾರಿಸಲು ಹೋಗಿ ಗೌಸುಸಾಬರನ್ನು ಕಳೆದುಕೊಂಡೆವಲ್ಲ, ಅದು ನನ್ನನ್ನು ಬಹಳ ದಿನ ಕಾಡಿತು.

ಯುದ್ಧ ಎಂದರೆ ಗಾಬರಿಯಾಗಬೇಡಿ. ಅದು ನಡೆಯುತ್ತಿದ್ದುದು ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ, ಒಂದು ಹಳೆಯ ಮೇಜಿನ ಮೇಲೆ. ಎಪ್ಪತ್ತರ ದಶಕದ ನಡುವೆ ನಮ್ಮ ಶಾಲೆಯ ಚಿತ್ರಕಲೆಯ ಪಾಟೀಲ ಮಾಸ್ತರರಿಗೆ ಪುಣೆಯಲ್ಲಿದ್ದ ಅವರ ಭಾವಮೈದುನ ಒಂದು ಇಂಗ್ಲಿಷ್ ಪುಸ್ತಕ ಕಳಿಸಿದ. ಬೆರಳುದ್ದದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ದಾಳ ಹಾಕಿ, ದೂರ ಅಳೆದು ಯುದ್ಧ ಆಡುವ ಕಾಯ್ದೆಗಳು ಅದರಲ್ಲಿದ್ದವು. ಪಾಟೀಲರು ಕೆರೆಯ ಮಣ್ಣಿನಿಂದ ಎರಡು ಸೈನ್ಯ ಮಾಡಿ, ಸುಟ್ಟು, ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ ಬಣ್ಣ ಬಳಿದರು. ಕುದುರೆಗಳ ಕಾಲುಗಳು ಮಾತ್ರ ಬೆಂಕಿಯನ್ನು ತಾಳಲಿಲ್ಲ. ಹೀಗಾಗಿ ನಮ್ಮ ಅಶ್ವದಳ ಹುಟ್ಟಿದಾಗಿನಿಂದ ಮಲಗಿಕೊಂಡೇ ಶತ್ರುವಿನ ಮೇಲೆ ಏರಿಹೋಗುತ್ತಿತ್ತು. ಸರೋಜಾಳ, ಎಂದರೆ ನನ್ನ ಹೆಂಡತಿಯ, ಅನ್ನ ಬಸಿಯುವ ಬುಟ್ಟಿ ಬೋರಲು ಹಾಕಿದರೆ ಗುಡ್ಡ. ನನ್ನ ಪಂಚೆ ಉದ್ದಕ್ಕೆ ಹಾಸಿದರೆ ನದಿ.

ನೀಲಿ ಸೈನ್ಯ ನನ್ನದು, ಕೆಂಪು ಗೌಸುಸಾಬರದು, ಪಾಟೀಲರು ಪಂಚರು. ಗೌಸುಸಾಬರು ಸವಣೂರಿನ ಎಲೆ ವ್ಯಾಪಾರಿ. ರವಿವಾರ ಬಸ್ಸಿಗೆ ಬಂದು, ನಮ್ಮೂರ ಅಂಗಡಿಗಳಿಗೆ ವೀಳ್ಯದೆಲೆ ಹಾಕಿ, ಮರಳುವ ಬಸ್ಸಿನ ತನಕ ನಮ್ಮಲ್ಲಿ ಕೂತು ಯುದ್ಧ ಮಾಡುತ್ತಿದ್ದರು. ಪುಸ್ತಕದ ಅಳತೆಗಳೆಲ್ಲ ಇಂಚಿನಲ್ಲಿದ್ದವು. ಮನೆಯಲ್ಲಿದ್ದ ಒಂದೇ ಫೂಟಪಟ್ಟಿ ಯಾವುದೋ ವಿದ್ಯಾರ್ಥಿಯ ಅಂಗೈ ಮೇಲೆ ಮುರಿದುಹೋಗಿತ್ತು. ಕಾಲಾಳು ಒಂದು ಗೇಣು, ಕುದುರೆ ಎರಡು ಗೇಣು, ತೋಪಿನ ಗುಂಡು ಮೂರು ಗೇಣು ಎಂದು ಗೌಸುಸಾಬರೇ ತೀರ್ಪು ಕೊಟ್ಟರು. ಯಾರ ಗೇಣು ಎಂದು ಆಗ ಯಾರೂ ಕೇಳಲಿಲ್ಲ. ಕೇಳದೆ ಹೋದದ್ದು ಎಷ್ಟು ಒಳ್ಳೆಯದಾಯಿತೆಂದರೆ, ಮುಂದೆ ಪ್ರತಿ ರವಿವಾರವೂ ಅದನ್ನೇ ಕೇಳಿದೆವು. ನನ್ನ ಬೆರಳು ಉದ್ದ, ಅವರ ಅಂಗೈ ಅಗಲ. ಒಂದು ಗುಂಡು ಮುಟ್ಟಿತೋ ಇಲ್ಲವೋ ಎಂಬುದರಲ್ಲಿ ಮಧ್ಯಾಹ್ನ ಕಳೆಯುತ್ತಿತ್ತು. ದನಿ ಓಣಿಗೆಲ್ಲ ಕೇಳುತ್ತದೆಂದು, ತಕರಾರು ಎದ್ದಾಗ ಆಟ ನಿಲ್ಲಿಸಿ ಚಹಾ ಕುಡಿಯಬೇಕು ಎಂಬ ಕಾಯ್ದೆಯನ್ನು ಸರೋಜಾ ತಾನೇ ಸೇರಿಸಿದಳು. ಇಂಗ್ಲಿಷ್ ಪುಸ್ತಕದಲ್ಲಿ ಅದು ಇರಲಿಲ್ಲ. ಗೇಣಿನ ಕಾಲದಲ್ಲಿ ಒಂದು ಯುದ್ಧವೂ ಮುಗಿದ ನೆನಪು ನನಗಿಲ್ಲ.

ಎಂಬತ್ತರ ಸುಮಾರಿಗೆ ಭಾವಮೈದುನ ಅದೇ ಪುಸ್ತಕದ ಸುಧಾರಿತ ಆವೃತ್ತಿ ಕಳಿಸಿದ. ದಪ್ಪನೆಯ ಪುಸ್ತಕ, ಜೊತೆಗೆ ಅಳೆಯಲು ಒಂದು ಟೇಪು. ಅದರಲ್ಲಿ ಗಾಳಿಗೆ ಕಾಯ್ದೆ, ಕೆಸರಿಗೆ ಕಾಯ್ದೆ, ಧೈರ್ಯಕ್ಕೂ ಒಂದು ಕಾಯ್ದೆ. ತುಕಡಿ ಹೆಜ್ಜೆ ಇಡುವ ಮೊದಲು ಅದಕ್ಕೆ ಧೈರ್ಯ ಇದೆಯೋ ಇಲ್ಲವೋ ಎಂದು ದಾಳ ಹಾಕಿ ನೋಡಬೇಕು. ನನ್ನ ನೀಲಿ ಸೈನ್ಯಕ್ಕೆ ಅದು ಎಂದೂ ಇರಲಿಲ್ಲ. ಹೆಡ್ ಮಾಸ್ತರರ ಕೋಣೆಯ ಹೊರಗೆ ನಾನು ಹೇಗೆ ನಿಲ್ಲುತ್ತೇನೋ ಹಾಗೆಯೇ ನಿಂತುಬಿಡುತ್ತಿತ್ತು. ಪಾಟೀಲರು ಟೇಪು ಹಿಡಿದು ಒಂಬತ್ತೂವರೆ ಇಂಚು ಎಂದರೆ ಮುಗಿಯಿತು. ಒಂಬತ್ತೂವರೆಯೊಡನೆ ಜಗಳ ತೆಗೆಯುವುದು ಹೇಗೆ? ಚಹಾ ಕುದಿಯುವ ಮೊದಲೇ ಯುದ್ಧ ಮುಗಿಯತೊಡಗಿತು. ಗೌಸುಸಾಬರು ಮುಗುಮ್ಮಾಗಿ ಕೂತು, ಕೇಳಿದಾಗ ದಾಳ ಹಾಕಿ, ಬೇಗ ಎದ್ದು ಹೋಗುತ್ತಿದ್ದರು. ಒಂದು ರವಿವಾರ ಮಳೆ ಎಂದರು, ಇನ್ನೊಂದು ರವಿವಾರ ಶಿಗ್ಗಾಂವಿಯಲ್ಲಿ ಕೆಲಸ ಎಂದರು. ಆಮೇಲೆ ಎಲೆಯ ಪೆಂಡಿಗಳನ್ನು ಬಸ್ಸಿನ ಕಂಡಕ್ಟರನ ಕೈಯಲ್ಲೇ ಕಳಿಸತೊಡಗಿದರು.

ಪಾಟೀಲರಿಗೆ ಹಿರೇಕೆರೂರಿಗೆ ವರ್ಗವಾಯಿತು. ಹೊಸ ಪುಸ್ತಕ ಮತ್ತು ಟೇಪು ಅವರೊಡನೆ ಹೋದವು. ಸೈನ್ಯ ಬಸ್ಸಿನ ಕುಲುಕಾಟ ತಾಳದೆಂದು ನಮ್ಮಲ್ಲೇ ಉಳಿಯಿತು. ರವಿವಾರ ಬಂದರೆ ನನಗೆ ಕೈಕಾಲು ಎಲ್ಲಿ ಇಡಬೇಕೆಂದು ತಿಳಿಯದು. ನನಗೆ ಗೌಸುಸಾಬರು ಬೇಕಾಗಿದ್ದರು. ಊರ ತುಂಬ ಗುರುತಿನವರಿದ್ದರೂ ಮನಸಾರೆ ಜಗಳವಾಡಲು ನನಗೆ ಬೇರೆ ಯಾರೂ ಇರಲಿಲ್ಲ. ಸರೋಜಾಳೊಡನೆ ಆಡಬಹುದಿತ್ತು, ಆದರೆ ಅಲ್ಲಿ ಗುಂಡು ಒಂದೇ ಕಡೆಯಿಂದ ಹಾರುತ್ತದೆ.

ಕೊನೆಗೆ ಸವಣೂರಿಗೆ ಹೋಗಿ, ಹಳೆಯ ಆವೃತ್ತಿಗೆ ಮರಳೋಣ, ಗೇಣಿನಲ್ಲೇ ಆಡೋಣ ಎಂದು ಅವರನ್ನು ಕೇಳಿಕೊಂಡೆ. ಅವರು ಎಲೆ ಎಣಿಸುತ್ತ, ನೋಡೋಣ್ರಿ ಅಂದರು. ನೋಡೋಣ ಎಂದವರು ಬರುವುದಿಲ್ಲ ಎಂದುಕೊಂಡು ಮರಳಿದೆ. ಆದರೆ ಆ ರವಿವಾರ ಬಂದರು. ಸರೋಜಾ ಕೇಳುವ ಮೊದಲೇ ಬುಟ್ಟಿ ಕೊಟ್ಟಳು. ನಾನು ನದಿ ಹಾಸಿದೆ.

ನನ್ನ ತೋಪಿನಿಂದ ಮೂರು ಗೇಣು ಅಳೆದೆ. ಗುಂಡು ಅವರ ಕೆಂಪು ಸರದಾರನಿಗೆ ತಾಗಿಯೂ ತಾಗದ ಹಾಗಿತ್ತು. ತಾಗಿತು ಎಂದೆ. ಹಿಂದಾಗಿದ್ದರೆ ಇಷ್ಟಕ್ಕೆ ಚಾವಣಿ ಹಾರುತ್ತಿತ್ತು.

"ತಾಗಿರಬೇಕ್ರಿ," ಎಂದು ಗೌಸುಸಾಬರು ತಾವೇ ಸರದಾರನನ್ನು ಎತ್ತಿ ಬದಿಗಿಟ್ಟರು. "ನಿಮ್ಮ ಗೇಣ ಅಂದಮ್ಯಾಲ ಖರೇನ ಇರತೈತಿ."

ಬೀಗರ ಮನೆಯಲ್ಲಿ ಕೂತವರಂತೆ ಕೂತಿದ್ದರು ಅವರು. ಕಾಯ್ದೆ ಮರಳಿತ್ತು, ಮನುಷ್ಯ ಮರಳಿರಲಿಲ್ಲ. ಈ ಮರ್ಯಾದೆಯಲ್ಲೇ ಸಂಜೆಯಾದರೆ ಅವರು ಕೈಮುಗಿದು ಹೋಗುತ್ತಾರೆ, ಮುಂದೆ ಕಂಡಕ್ಟರನೇ ಗತಿ ಎಂದು ನನಗೆ ಸ್ಪಷ್ಟವಾಗಿ ಕಂಡಿತು.

ಮುಂದಿನ ಸರದಿಗೆ ಅಳೆಯುವಾಗ ಹೆಬ್ಬೆರಳನ್ನು ಒಂದಿಷ್ಟು ಜಾರಿಸಿದೆ. ಅವರು ಎಲೆಯ ತೊಟ್ಟು ಚಿವುಟುತ್ತಿದ್ದರು. ಇನ್ನೊಂದಿಷ್ಟು ಜಾರಿಸಿದೆ. ಕೆಂಪು ಕಾಲಾಳುಗಳು ಸಾಲಾಗಿ ಸತ್ತರು. ಅವರು ಎಲೆಗೆ ಸುಣ್ಣ ಸವರುತ್ತ ಒಬ್ಬೊಬ್ಬರನ್ನೇ ಎತ್ತಿಟ್ಟರು. ನಾನು ನಾಚಿಕೆ ಬಿಟ್ಟೆ. ಬೆರಳು ಎತ್ತಿ ಎತ್ತಿ ಇಟ್ಟು, ನದಿ ದಾಟಿಸಿ, ಗುಡ್ಡ ಹತ್ತಿಸಿ, ನನ್ನ ಮಲಗಿದ ಕುದುರೆಗಳನ್ನು ಎರಡೇ ಗೇಣಿನಲ್ಲಿ ಮೇಜಿನ ಆಚೆ ತುದಿಗೆ ಮುಟ್ಟಿಸಿದೆ.

ಗೌಸುಸಾಬರು ಸುಣ್ಣದ ಡಬ್ಬಿ ಕೆಳಗಿಟ್ಟರು.

"ಏ ಮಾಸ್ತರ," ಎಂದರು. "ನಾ ಆಗಿಂದ ನೋಡಾಕತ್ತೇನಿ. ಇದು ಗೇಣೋ, ಹಾನಗಲ್ಲಿಂದ ಹುಬ್ಬಳ್ಳಿಗೆ ಹೊಂಟ ಬಸ್ಸೋ? ಕೈ ತಗಿ. ಕಳ್ಳ ಅದಿ ನೀ."

ನನ್ನ ಕಣ್ಣಲ್ಲಿ ನೀರು ಬಂದಿದ್ದು ನಿಜ. ಬಹಳ ವರ್ಷಗಳಿಂದ ನನ್ನನ್ನು ಯಾರೂ ಅಷ್ಟು ಆಪ್ತವಾಗಿ ಬೈದಿರಲಿಲ್ಲ. ಕಳ್ಳ ನಾನಲ್ಲ ನೀನು, ನಿನ್ನ ಅಂಗೈ ಬುಟ್ಟಿಯಷ್ಟಿದೆ ಎಂದು ನಾನೂ ದನಿ ಎತ್ತಿದೆ. ಅವರು ನನ್ನ ಕೈಯನ್ನು ಮೇಜಿಗೆ ಒತ್ತಿ ಹಿಡಿದು ಸತ್ತವರನ್ನೆಲ್ಲ ಎಬ್ಬಿಸಿ ನಿಲ್ಲಿಸಿದರು. ಒಳಗೆ ಸ್ಟೋವು ಪಂಪು ಮಾಡುವ ಸದ್ದು ಕೇಳಿಸಿತು. ಚಹಾ ಕುಡಿದು ಮತ್ತೆ ಶುರು ಮಾಡಿ, ಮತ್ತೆ ಜಗಳ ತೆಗೆದೆವು. ಬಸ್ಸಿನ ಹೊತ್ತಿಗೆ ಅವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು ಹೇಳಿದರು:

"ಇನ್ನ ನಿನ್ನ ಮನಿ ಹೊಸ್ತಲಾ ತುಳಿಯಂಗಿಲ್ಲ ನಾ."

ಅವರು ಓಣಿ ದಾಟುವ ತನಕ ನೋಡುತ್ತ ನಿಂತೆ. ಸರೋಜಾ ಹಿಂದಿನಿಂದ ಬಂದು, ಮುಂದಿನ ರವಿವಾರಕ್ಕೆ ಹಾಲು ಹೆಚ್ಚಿಗೆ ಹೇಳಬೇಕು ಅಂದಳು. ಹೌದೆಂದು ಒಳಗೆ ಬಂದು, ಜಗಳದ ಭರದಲ್ಲಿ ಗಮನಿಸದೆ ಬಿಟ್ಟಿದ್ದ ಮೇಜನ್ನು ನೋಡಿದೆ. ಕೆಂಪು ಸೈನ್ಯ ನದಿ ದಾಟಿ ಗುಡ್ಡದ ಮೇಲೆ ನಿಂತಿತ್ತು. ನನ್ನದು ಪೂರ್ತಿ ಉರುಳಿತ್ತು, ಗೇಣಿನ ಚರಿತ್ರೆಯಲ್ಲೇ ಮೊದಲ ಸಲ ಒಂದು ಯುದ್ಧ ಮುಗಿದಿತ್ತು. ಅಷ್ಟೊಂದು ಮೋಸ ಮಾಡಿಯೂ ಸೋಲುವ ಸೇನಾಪತಿಗೆ ಏನು ಮಾಡಬೇಕೆಂದು ಹಳೆಯ ಆವೃತ್ತಿಯಲ್ಲೂ ಬರೆದಿಲ್ಲ, ಹೊಸದರಲ್ಲೂ ಇಲ್ಲ.