ಆರು ಕಾರ್ಡಿಗೊಂದೇ ಪವರ್ ಸಪ್ಲೈ

ಯಂತ್ರ ಕೆಟ್ಟರೆ ಮೊದಲು ಯಂತ್ರವನ್ನು ನೋಡಬೇಕು. ನಾನು ಮನುಷ್ಯರನ್ನು ನೋಡುತ್ತೇನೆ. ಅದರಲ್ಲೂ ಎದುರು ಮಾತಾಡದವರನ್ನು. ತೀರ್ಥಹಳ್ಳಿಯ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬು ನೋಡಿಕೊಳ್ಳುತ್ತ ಇಷ್ಟು ವರ್ಷವಾದರೂ ಈ ಚಾಳಿ ಹೋಗಿಲ್ಲ. ಮನೆಯಲ್ಲಿ ಮಿಕ್ಸಿ ನಿಂತರೂ "ಯಾರು ಮುಟ್ಟಿದ್ದು?" ಎಂದೇ ಕೇಳುತ್ತೇನೆ. "ಕರೆಂಟೇ ಇಲ್ಲ ಕಣ್ರೀ" ಎನ್ನುತ್ತಾಳೆ ಹೆಂಡತಿ.

ನಮ್ಮ ಲ್ಯಾಬಿನಲ್ಲಿ ಒಂದು ದೊಡ್ಡ ಪೆಟ್ಟಿಗೆಯಿದೆ. ಮೇನ್‌ಫ್ರೇಮ್ ಎನ್ನುತ್ತೇವೆ. ಅದರಲ್ಲಿ ಆರು ಗೂಡು. ವೋಲ್ಟೇಜ್ ಅಳೆಯುವುದಕ್ಕೊಂದು, ಸಿಗ್ನಲ್ ಕೊಡುವುದಕ್ಕೊಂದು, ಹೀಗೆ ಗೂಡಿಗೊಂದು ಕಾರ್ಡು. ಯಾವ ಕಾರ್ಡಿಗೂ ಸ್ವಂತ ಕರೆಂಟಿಲ್ಲ. ಹಿಂದೆ ಕೂತ ಒಂದೇ ಪವರ್ ಸಪ್ಲೈ ಆರಕ್ಕೂ ಹಂಚುತ್ತದೆ, ನಮ್ಮಜ್ಜಿ ಒಂದೇ ಪಾತ್ರೆಯಿಂದ ಮೊಮ್ಮಕ್ಕಳಿಗೆಲ್ಲ ಪಾಯಸ ಬಡಿಸುತ್ತಿದ್ದ ಹಾಗೆ.

ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆ ಸ್ವಿಚ್ ಹಾಕಿದರೆ ಪೆಟ್ಟಿಗೆ 'ಟಿಕ್' ಎಂದು ಸುಮ್ಮನಾಯಿತು. ಮತ್ತೆ ಹಾಕಿದೆ, ಮತ್ತೆ ಟಿಕ್. ಮಕ್ಕಳು ಸಾಲಾಗಿ ನಿಂತಿದ್ದರು. ಸಾಗರದಿಂದ ಪರೀಕ್ಷಕರಾಗಿ ಬಂದಿದ್ದ ಸುಮಂಗಲಾ ಮೇಡಂ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನನ್ನ ಕಣ್ಣು ಅಟೆಂಡರ್ ಗಣಪಣ್ಣನ ಮೇಲೆ ಬಿತ್ತು. ಹೊಸನಗರದ ಕಡೆಯವರು, ನನಗಿಂತ ಹಿರಿಯರು.

"ಒದ್ದೆ ಬಟ್ಟೇಲಿ ಒರೆಸ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು?" ಎಂದು ಎಲ್ಲರೆದುರೇ ಕೂಗಿದೆ.

"ಒಣ ಬಟ್ಟೇಲೇ ಒರ್ಸಿದ್ದು ಸರ್."

ಅವರ ಮುಖ ಸಣ್ಣದಾಯಿತು. ಕೈಯಲ್ಲಿದ್ದ ಬಟ್ಟೆ ನಿಜವಾಗಿ ಒಣಗಿದೆಯೇ ಎಂದು ತಾವೇ ಒಮ್ಮೆ ಮುಟ್ಟಿ ನೋಡಿಕೊಂಡು, ಬಾಗಿಲ ಬಳಿ ಹೋಗಿ ನಿಂತರು.

"ಅವರ್ನ ಬಿಡಿ," ಎಂದರು ಮೇಡಂ. "ಎಲ್ಲ ಕಾರ್ಡೂ ಹೊರಗೆ ತೆಗೀರಿ."

ತೆಗೆದೆ. ಖಾಲಿ ಪೆಟ್ಟಿಗೆಯ ಹಸಿರು ದೀಪ ಏನೂ ಆಗಿಲ್ಲವೆಂಬಂತೆ ಹತ್ತಿಕೊಂಡಿತು. ಪ್ರತಿ ಸಲವೂ ಆಫ್ ಮಾಡಿ ಒಂದೊಂದೇ ಕಾರ್ಡು ಹಾಕುತ್ತ ಬಂದೆ. ಮೂರರವರೆಗೆ ದೀಪ ಉರಿಯಿತು. ನಾಲ್ಕನೆಯದಕ್ಕೆ ಟಿಕ್. ಒಂದು ಕಾರ್ಡು ಹದ್ದು ಮೀರಿ ಕರೆಂಟು ಎಳೆದರೆ, ಉಳಿದವು ಸುಡದಿರಲೆಂದು ಪವರ್ ಸಪ್ಲೈ ತಾನೇ ನಿಂತುಬಿಡುತ್ತದೆ. ಪ್ರತಿ ವರ್ಷ ಈ ಪಾಠ ಮಾಡುವವನು ನಾನೇ.

"ಇದನ್ನ ಇತ್ತೀಚೆಗೆ ಯಾರಾದ್ರೂ ರಿಪೇರಿ ಮಾಡಿದ್ರಾ?" ಮೇಡಂ ಕೇಳಿದರು.

ಗಣಪಣ್ಣನಿಗೆ ಗೊತ್ತಿತ್ತು. ಹಿಂದಿನ ದಿನ ಆ ಕಾರ್ಡಿಗೆ ನಾನು ಹೊಸ ಕೆಪಾಸಿಟರ್ ಬೆಸೆಯುವಾಗ ಟಾರ್ಚ್ ಹಿಡಿದು ನಿಂತವರೇ ಅವರು. ಆದರೂ ಬಾಯಿ ಬಿಡಲಿಲ್ಲ. ಅವರ ಆ ಮೌನಕ್ಕೇ ನನಗೆ ನಾಚಿಕೆಯಾಯಿತು.

"ನಾನೇ ಮೇಡಂ," ಎಂದೆ. ನೋಡಿದರೆ ಆ ಕೆಪಾಸಿಟರಿನ ಪ್ಲಸ್ಸು ಮೈನಸ್ಸು ಅದಲುಬದಲಾಗಿತ್ತು; ಹದ್ದು ಮೀರಿ ಕರೆಂಟು ಎಳೆದದ್ದು ಅದೇ.

ಬೈದಷ್ಟೇ ಗಟ್ಟಿಯಾಗಿ ಕ್ಷಮೆ ಕೇಳಬೇಕೆಂದು ಬಾಗಿಲವರೆಗೆ ನಡೆದೆ. "ತಪ್ಪು ನಂದು ಗಣಪಣ್ಣ, ಸುಮ್ನೆ ನಿಮ್ಮನ್ನ..." ಎನ್ನುವಷ್ಟರಲ್ಲಿ ಅವರು ಕೈಯೆತ್ತಿ ತಡೆದರು.

"ಇರ್ಲಿ ಬಿಡಿ ಸರ್. ಮಕ್ಳು ಕಾಯ್ತಾ ಇದಾವೆ," ಎಂದು ಅವರು ಸ್ಟೂಲುಗಳನ್ನು ಸರಿಪಡಿಸತೊಡಗಿದರು.

ಉಳಿದ ಐದು ಕಾರ್ಡುಗಳಲ್ಲೇ ಪರೀಕ್ಷೆ ನಡೆಯಿತು. ಮೌಖಿಕದಲ್ಲಿ ಮೇಡಂ ಒಬ್ಬ ಹುಡುಗಿಯನ್ನು ಕೇಳಿದರು: "ಮೇನ್‌ಫ್ರೇಮ್ ಆನೇ ಆಗದಿದ್ರೆ ಮೊದ್ಲು ಎಂತ ಮಾಡ್ತೀಯ?"

ಅವಳು ನನ್ನತ್ತ ಒಮ್ಮೆ ನೋಡಿ, ತಲೆ ತಗ್ಗಿಸಿ, "ಎಲ್ಲ ಕಾರ್ಡೂ ತೆಗೆದು ನೋಡ್ತೀನಿ ಮೇಡಂ. ಅಲ್ಲೀವರೆಗೂ ಯಾರನ್ನೂ ಬೈಯಲ್ಲ," ಎಂದಳು.

ಮೇಡಂ ಪೂರ್ಣ ಅಂಕ ಬರೆದು ಹಾಳೆಯನ್ನು ನನ್ನ ಕಡೆ ಸರಿಸಿದರು. ಸರಿಯುತ್ತರವೆಂದು ಒಪ್ಪಿ ನಾನೂ ಸಹಿ ಹಾಕಿದೆ.