ಗೇರಿನ ಎಣ್ಣೆ ಮತ್ತು ಗೌರವ್ವನ ಮಗ್ಗ

ಹಳೆಯ ಕಾರು ಕೊಳ್ಳುವುದು ಹುಚ್ಚುತನವಲ್ಲ. ಅದರ ಗೇರಿಗೆ ಯಾವ ಎಣ್ಣೆ ಹಾಕಬೇಕೆಂದು ಊರವರನ್ನೆಲ್ಲ ಕೇಳುತ್ತ ಹೋಗುವುದು ಹುಚ್ಚುತನ. ನಾನು ಎರಡನ್ನೂ ಮಾಡಿದವನಾದ್ದರಿಂದ ಈ ಮಾತನ್ನು ಅಧಿಕಾರವಾಣಿಯಿಂದ ಹೇಳಬಲ್ಲೆ. ಎರಡನೇ ಮಹಾಯುದ್ಧ ಮುಗಿದ ಹೊಸತು. ಸಂಸ್ಥಾನದ ಅಧಿಕಾರಿಯೊಬ್ಬರು ಊರು ಬಿಡುವಾಗ ತಮ್ಮ ಎರಡೇ ಸೀಟಿನ ಸ್ಪೋರ್ಟ್ಸ್ ಕಾರನ್ನು ಮಾರಲಿಕ್ಕಿಟ್ಟರು. ರಬಕವಿಯಲ್ಲಿ ನೂಲಿನ ವ್ಯಾಪಾರ ಮಾಡಿಕೊಂಡು ನೆಟ್ಟಗಿದ್ದ ನಾನು ಅದನ್ನು ನೋಡಿದೆ, ಆಮೇಲೆ ನೆಟ್ಟಗಿರಲಿಲ್ಲ. ಹಸಿರು ಬಣ್ಣ, ಉದ್ದ ಮೂತಿ, ಕೂತರೆ ನೆಲಕ್ಕೆ ಕೈ ತಾಗುವಷ್ಟು ಕೆಳಗಿನ ಸೀಟು. ಮನೆಗೆ ತಂದ ದಿನ ಸಂತೋಷಕ್ಕೆ ನನಗೆ ಊಟವೇ ಸೇರಲಿಲ್ಲ. ಆದರೆ ನಿಲ್ಲಿಸಲು ಜಾಗ ಬೇಕಲ್ಲ? ದೊಡ್ಡ ಬಾಗಿಲಿದ್ದದ್ದು ನನ್ನ ಹೆಂಡತಿ ಗೌರವ್ವನ ಮಗ್ಗದ ಕೋಣೆಗೆ ಮಾತ್ರ. ಮದುವೆಯಾಗಿ ಬಂದ ಮೇಲೆ ಕಲಿತು, ಕಲಿಸಿದ ಅತ್ತೆಗಿಂತ ಚೆನ್ನಾಗಿ ನೇಯುತ್ತಿದ್ದವಳು ಅವಳು. ಮಗ್ಗ ಬಿಚ್ಚಿ ಅಟ್ಟ ಸೇರಿತು, ಕಾರು ಒಳಗೆ ಬಂತು. ನೇಯುವಾಗ ಅವಳು ಕಾಲು ಇಳಿಬಿಡುತ್ತಿದ್ದ ಕುಣಿ ನಾನು ಇಳಿದು ಕಾರಿನ ಹೊಟ್ಟೆ ನೋಡಲಿಕ್ಕೆ ಅಳತೆ ಕೊಟ್ಟು ತೋಡಿಸಿದಂತಿತ್ತು. ಇದನ್ನು ಅವಳಿಗೆ ಹೇಳಿದೆ. ಹೇಳಬಾರದಿತ್ತು.

ಎರಡು ತಿಂಗಳಲ್ಲಿ ಗೇರ್‌ಬಾಕ್ಸ್ ಊಳಿಡಲು ಶುರುಮಾಡಿತು. ಎಣ್ಣೆಯೆಲ್ಲ ಸೋರಿ ಅದೇ ಕುಣಿ ಸೇರಿತ್ತು. ಗೌರವ್ವ ಇಣುಕಿ ನೋಡಿ, “ಪಂಚಮಿಗೆ ನಮ್ಮ ಭೀಮಪ್ಪ ಗಾಡಿ ಕಟ್ಟಿಕೊಂಡು ಕರ್ಯಾಕ ಬರ್ತಾನ. ಅವನಕಿಂತ ಮೊದ್ಲ ನೀವು ನನ್ನ ಬೆಳಗಲಿಗೆ ಮುಟ್ಟಿಸಿದ್ರ ನಿಮ್ಮ ಕಾರು ಇಲ್ಲೇ ಇರಲಿ. ಇಲ್ಲಂದ್ರ ನನ್ನ ಮಗ್ಗ ಒಳಗ, ಅದು ಹೊರಗ” ಎಂದಳು. ಬೆಳಗಲಿ ಅವಳ ತವರು; ನಾಗರ ಪಂಚಮಿಗೆ ಅಕ್ಕನನ್ನು ಕರೆದೊಯ್ಯಲು ಬರುವ ಭೀಮಪ್ಪ ಅವಳ ತಮ್ಮ. ಅವನ ಗಾಡಿ ಬರುವುದು ಅರ್ಧ ಹರದಾರಿ ಮೊದಲೇ ಅದರ ಕಿರುಗುಟ್ಟುವಿಕೆಯಿಂದ ಗೊತ್ತಾಗುತ್ತಿತ್ತು. ಎತ್ತಿನ ಗಾಡಿಯ ಜೊತೆ ಪಂದ್ಯವೇ ಎಂದು ನಾನು ನಕ್ಕು ಒಪ್ಪಿಕೊಂಡೆ.

ಸರಿ, ಎಣ್ಣೆಯ ಶೋಧ ಶುರುವಾಯಿತು. ಆ ದಿನಗಳ ಉತ್ಸಾಹ ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಗಾಣದವರು ಕುಸುಬಿ ಎಣ್ಣೆ ಎಂದರು. ಹೊಟ್ಟೆಯ ಎಲ್ಲ ತೊಂದರೆಗೂ ಔಡಲೆಣ್ಣೆ, ಎಂದರೆ ಹರಳೆಣ್ಣೆ, ಕೊಡುವ ನಮ್ಮ ವೈದ್ಯರು ಕಾರಿಗೂ ಅದನ್ನೇ ಹೇಳಿದರು. ಬನಹಟ್ಟಿಯ ಗೆಳೆಯನೊಬ್ಬ ಲಷ್ಕರದ ಲಾರಿಯ ಎಣ್ಣೆ ತಂದುಕೊಟ್ಟ. ಅದರ ನಾತಕ್ಕೆ ಓಣಿಯ ನಾಯಿಗಳು ದಾರಿ ಬದಲಿಸಿದವು. ನಾನು ಎಲ್ಲವನ್ನೂ ಬಟ್ಟಲಲ್ಲಿಟ್ಟು, ಬೆರಳಿಗೆ ಹಚ್ಚಿ ಉಜ್ಜಿ ನೋಡಿ, ಯಾವುದು ಹೆಚ್ಚು ಜಾರುತ್ತದೆಂದು ಬರೆದಿಡುತ್ತಿದ್ದೆ. ಆ ಕೈಯಲ್ಲೇ ಗಿರಾಕಿಗಳಿಗೆ ನೂಲು ಕೊಟ್ಟು ಬೈಸಿಕೊಂಡೆ.

ಕೊನೆಗೆ ಜಮಖಂಡಿಯ ದಸ್ತಗೀರ ಮಿಸ್ತ್ರಿಯನ್ನು ಕರೆಸಿದೆ. ಅವರು ಕುಣಿಗಿಳಿದು ನೋಡಿ, ಸೋರುವ ಜಾಗ ಬಿಗಿಮಾಡಿ, “ಸಾವ್ಕಾರ್ರ, ಇದರ ಗೇರಿನೊಳಗ ಹಿತ್ತಾಳಿ ಉಂಗುರ ಅದಾವ್ರಿ. ತಿರುಗೂ ಹಲ್ಲಿನ ಗಾಲಿ ಹಿಡಿದು ಅವು ನಿಧಾನ ಮಾಡಿದ್ರನ ಗೇರ್ ಬೀಳತೈತಿ. ಎಣ್ಣಿ ಭಾಳ ಜಾರಿದ್ರ ಉಂಗುರಕ್ಕ ಹಿಡಿತ ಸಿಗೂದಿಲ್ಲ. ಆ ಲಾರಿ ಎಣ್ಣಿ ಅಂತೂ ಹಿತ್ತಾಳಿನ ತಿಂದುಬಿಡತೈತಿ. ಇಂಜಿನ್ನಿಗೆ ಹಾಕೂ ದಪ್ಪ ಎಣ್ಣಿ ಹಾಕ್ರಿ, ಸಾಕು” ಎಂದು ಒಂದು ಡಬ್ಬಿ ಕೊಟ್ಟು ಹೋದರು. ಎಣ್ಣೆ ಹೆಚ್ಚು ಜಾರಬಾರದಂತೆ! ನೀರು ಹೆಚ್ಚು ಒದ್ದೆಯಾಗಬಾರದು ಎಂದಂತಾಯಿತು. ಇಷ್ಟು ದಿನದ ಸಂಶೋಧನೆಗೆ ಎಲ್ಲರೂ ಹಾಕುವ ಸಾದಾ ಎಣ್ಣೆಯೇ ಉತ್ತರವೆಂದರೆ ನನ್ನ ಮನಸ್ಸು ಒಪ್ಪೀತೇ? ಡಬ್ಬಿಯನ್ನು ಸೀಟಿನ ಹಿಂದೆ ತುರುಕಿದೆ. ನನ್ನದೇ ಮಿಶ್ರಣ ತಯಾರಿಸಿದೆ. ಔಡಲೆಣ್ಣೆಗೆ ಪೆನ್ಸಿಲುಗಳ ಕರಿ ಕಡ್ಡಿಯನ್ನು ಹಿಟ್ಟಿನಂತೆ ಅರೆದು ಕಲಸಿದೆ. ಬೆರಳ ನಡುವೆ ಅದು ನಿಲ್ಲುತ್ತಲೇ ಇರಲಿಲ್ಲ. ಅದನ್ನೇ ಗೇರ್‌ಬಾಕ್ಸಿಗೆ ಸುರಿದೆ. ಜಗತ್ತಿನಲ್ಲಿ ಇಂಥದನ್ನು ಯಾರೂ ಮಾಡಿಲ್ಲವೆಂದು ನನಗೆ ಖಾತ್ರಿಯಿತ್ತು.

ಪಂಚಮಿಗೆ ಹೊರಟೆವು. ಭೀಮಪ್ಪನನ್ನು ಮುಂದೆ ಹೋಗಲು ಬಿಟ್ಟು ಸಾವಕಾಶವಾಗಿ ಚಹಾ ಕುಡಿದು ಕಾರು ಎತ್ತಿದೆ. ಒಂದನೇ ಗೇರು ಬಿತ್ತು. ಎರಡನೆಯದಕ್ಕೆ ತಳ್ಳಿದರೆ ಕರ್ರ್ ಎಂದು ಹಲ್ಲು ಕಡಿಯಿತು. ಮತ್ತೆ ತಳ್ಳಿದೆ, ಮತ್ತೆ ಕಡಿಯಿತು.

“ಎರಡನೇದಕ್ಕ ಹಾಕ್ರಲಾ” ಎಂದಳು ಗೌರವ್ವ.

“ಹಾಕಾಕತ್ತೇನಿ.”

ಬನಹಟ್ಟಿ ದಾಟಿದರೂ ಹಾಕುತ್ತಲೇ ಇದ್ದೆ. ಒಂದನೇ ಗೇರಿನಲ್ಲೇ ಅರಚುತ್ತ ಭೀಮಪ್ಪನನ್ನು ಹಿಂದೆ ಹಾಕಿದೆವು ನಿಜ. ಆದರೆ ಮಹಾಲಿಂಗಪುರದ ಹೊತ್ತಿಗೆ ಕಾರಿನ ನೀರು ಕುದ್ದು ಹಬೆಯೆದ್ದಿತು. ನಿಂತೆವು. ಗಾಡಿ ಕಿರುಗುಡುತ್ತ ಬಂತು. ಗೌರವ್ವ ಹಬ್ಬಕ್ಕೆ ಕಟ್ಟಿದ ಉಂಡಿಯ ಡಬ್ಬಿ ಎತ್ತಿಕೊಂಡು ಇಳಿದು, “ತಮ್ಮಾ, ಸ್ವಲ್ಪ ಸರದು ಕೂಡು” ಎಂದು ಗಾಡಿ ಹತ್ತಿದಳು. ಭೀಮಪ್ಪ ನಗಲಿಲ್ಲ. ನಕ್ಕಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಎತ್ತಿಗೆ ತಂದ ನೀರಿನಲ್ಲಿ ಅರ್ಧ ನನ್ನ ಕಾರಿಗೆ ಕೊಟ್ಟು ಮುಂದೆ ಹೋದ. ಇನ್ನೂ ಮೂರು ಕಡೆ ನಿಂತು ನಾನು ಬೆಳಗಲಿ ಮುಟ್ಟಿದಾಗ ಗೌರವ್ವ ಕೈಕಾಲು ತೊಳೆದು, ಊಟ ಮುಗಿಸಿ, ಜೋಕಾಲಿ ಆಡುತ್ತಿದ್ದಳು.

ನನ್ನ ಎಣ್ಣೆಯನ್ನು ತೆಗೆಯದೆ ಗತಿಯಿರಲಿಲ್ಲ. ಭೀಮಪ್ಪ ನಾನು ತೋರಿಸಿದಂತೆ ಕಾರಿನ ಕೆಳಗೆ ನುಸುಳಿ ಎಣ್ಣೆಯನ್ನು ಬೋಗುಣಿಗೆ ಇಳಿಸಿದ. ಬೆರಳಿಗೆ ಹಚ್ಚಿ ನೋಡಿದ, ಮೂಸಿದ. “ಮಾಮಾ, ಇದು ನಮ್ಮ ಕೀಲೆಣ್ಣಿ ಅಲ್ಲೇನ್ರಿ? ನಾವು ಗಾಡಿ ಕೀಲಿಗೆ ಔಡಲೆಣ್ಣಿಯೊಳಗ ಹುಲ್ಲು ಸುಟ್ಟ ಕರಿ ಕಲಸ್ತೀವಿ. ನೀವು ಏನ್ ಕಲಸೀರಿ?”

“ಪೆನ್ಸಿಲು” ಎಂದೆ.

ಅವನು ಅದನ್ನು ಗಾಡಿಯ ಗಾಲಿಯ ಕೀಲಿಗೆ ಹಚ್ಚಿ ಒಂದು ಸುತ್ತು ಓಡಿಸಿದ. ತಲೆಮಾರಿನ ಕಿರುಗುಟ್ಟುವಿಕೆ ಮಾಯವಾಗಿತ್ತು. ಹಬ್ಬದ ಜನ ಜೋಕಾಲಿ ಬಿಟ್ಟು ನೋಡಲು ಬಂದರು. ನಾನು ತೆಪ್ಪಗೆ ಮಿಸ್ತ್ರಿಯ ಡಬ್ಬಿಯನ್ನು ಹೊರತೆಗೆದು ಸುರಿದೆ. ತಿರುಗಿ ಬರುವಾಗ ಎರಡನೇ ಗೇರು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಬಿತ್ತು, ಮೂರನೆಯದೂ ಬಿತ್ತು. ಗಾಳಿಗೆ ಸೆರಗು ಹಿಡಿದುಕೊಂಡು ಗೌರವ್ವ, “ಛಲೋ ಓಡತೈತಿ” ಎಂದಳು. ನನ್ನ ಎದೆ ಉಬ್ಬಿತು. “ಮನಿ ಮುಟ್ಟಿದ ಕೂಡಲೇ ಮಗ್ಗ ಇಳಸ್ರಿ” ಎಂದಳು.

ಕಾರು ಈಗ ಬೇವಿನ ಮರದ ಕೆಳಗಿದೆ. ಅಷ್ಟು ಚೆನ್ನಾಗಿ ಓಡುವ ಅದರ ಬಗ್ಗೆ ಯಾರೂ ಒಂದು ಮಾತು ಕೇಳುವುದಿಲ್ಲ. ಮರುವರ್ಷ ಪಂಚಮಿಗೆ ಭೀಮಪ್ಪನ ಗಾಡಿ ಸದ್ದಿಲ್ಲದೆ ಬಂದು ಬಾಗಿಲಲ್ಲಿ ನಿಂತಿತು. ಕೆಳಗೆ ಎಣ್ಣೆಯ ಬಿದಿರು ಗೊಟ್ಟಗಳು ತೂಗಾಡುತ್ತಿದ್ದವು; ಒಂದು ಅವನದು, ಉಳಿದವು ಊರವರದು, ಎಲ್ಲ ಖಾಲಿ. “ಹ್ವಾದ ವರ್ಷದ್ದು ಮುಗೀತ್ರಿ ಮಾಮಾ” ಎಂದ. ಒಳಗೆ ಮಗ್ಗದ ಲಾಳಿಯ ಸದ್ದು ನಿಂತಿತು. “ಮಾಡಿಕೊಡ್ರಿ, ನಿಮ್ಮ ಕೈಯಾಗಿನ ಹದ ಯಾರಿಗೂ ಬರೂದಿಲ್ಲಂತ” ಎಂದು ಗೌರವ್ವನ ದನಿ ಬಂತು. ನಾನು ಪೆನ್ಸಿಲು ಅರೆಯುತ್ತ ಕೂತೆ. ಅರೆಯುತ್ತಲೇ ಒಂದು ಸಮಾಧಾನವೂ ಆಯಿತು: ನಾನು ಆರಿಸಿದ ಎಣ್ಣೆಯಲ್ಲಿ ದೋಷವೇನೂ ಇರಲಿಲ್ಲ, ಅದಕ್ಕೆ ತಕ್ಕ ವಾಹನ ಕೊಳ್ಳದೆ ಕಾರು ಕೊಂಡಿದ್ದೆ, ಅಷ್ಟೇ.